ಹ್ಯಾಂಡಲ್ ಹಿಡಿಯಿರಿ, ಹೆದರಿಕೆ ಬಿಡಿ

"ಸ್ವಲ್ಪ ಬಿಟ್ಟು ಬರ್ತೀಯಾ?"

ಸಹೋದರಿ, ಈ ಒಂದು ಮಾತನ್ನು ನೀವು ದಿನಕ್ಕೆ ಎಷ್ಟು ಬಾರಿ ಹೇಳುತ್ತೀರಿ? ಹೊಲಿಗೆ ತರಗತಿಗೆ, ಬ್ಯಾಂಕಿಗೆ, ಆಸ್ಪತ್ರೆಗೆ, ನೆಂಟರ ಮನೆಗೆ ಹೋಗಲು ತಮ್ಮನನ್ನೋ ಗಂಡನನ್ನೋ ಕಾಯಬೇಕು. ಅವರು ಬರುವುದಿಲ್ಲ ಎನ್ನುವುದಿಲ್ಲ. ಆದರೆ ಉತ್ತರಕ್ಕೆ ಮೊದಲು ಬರುವ ಆ ಕ್ಷಣದ ಮೌನವಿದೆಯಲ್ಲ, ಅದು ನಿಮಗೆ ಚೆನ್ನಾಗಿ ಗೊತ್ತು. ಕೊನೆಗೊಂದು ದಿನ, ಹೋಗಬೇಕಾದ ಕಡೆಗೂ 'ಬೇಡ ಬಿಡು' ಎಂದು ಮನೆಯಲ್ಲೇ ಉಳಿಯುತ್ತೀರಿ.

ನಾನೂ ಹಾಗೆ ಉಳಿದವಳೇ. ಎರಡನೆಯ ವಯಸ್ಸಿನಲ್ಲಿ ಬಂದ ಪೋಲಿಯೊ ನನ್ನ ಬಲಗಾಲಿನ ಬಲವನ್ನು ಕಸಿದುಕೊಂಡಿತು. ನಮ್ಮ ದೇಶದಲ್ಲಿ ನೈಸರ್ಗಿಕ (ವೈಲ್ಡ್) ಪೋಲಿಯೊ ವೈರಸ್‌ನ ಕೊನೆಯ ಪ್ರಕರಣ ಪತ್ತೆಯಾದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊ ಮುಕ್ತವೆಂಬ ಘೋಷಣೆಯೂ ಆಯಿತು. ಸಂತೋಷದ ವಿಷಯ. ಆದರೆ ಅದಕ್ಕೂ ಮೊದಲೇ ರೋಗಕ್ಕೆ ತುತ್ತಾದ ನಮ್ಮಂತಹವರು ಮನೆಮನೆಗಳಲ್ಲಿ ಇನ್ನೂ ಇದ್ದೇವೆ. ಅಂತಹ ಸಹೋದರಿಯರಿಗಾಗಿ, ಅವರ ಮನೆಯವರಿಗಾಗಿ ಈ ಬರಹ.

ಮೊದಲ ದಿನದ ಪೆಟ್ಟು

ಮೂವತ್ತಾರನೆಯ ವಯಸ್ಸಿನಲ್ಲಿ ನನಗೆ ಬದಿಚಕ್ರಗಳಿರುವ ಸ್ಕೂಟರ್ ಸಿಕ್ಕಿತು. ಮನೆ ಹತ್ತಿರದ ಮೈದಾನದಲ್ಲಿ ಕಲಿಯಲು ಹೊರಟೆ. ನೇರವಾಗಿ ಹತ್ತು ಮಾರು ಹೋದದ್ದು ಸರಿಯಾಗಿಯೇ ಇತ್ತು. ತಿರುಗಿಸುವಾಗ ಮೈ ಒಂದು ಕಡೆಗೆ ಎಸೆದಂತಾಯಿತು. ಗಾಬರಿಯಲ್ಲಿ ಹ್ಯಾಂಡಲನ್ನು ಬಿಗಿಯಾಗಿ ಹಿಡಿದೆ. ಹಿಡಿದದ್ದು ಬ್ರೇಕನ್ನಲ್ಲ, ಆಕ್ಸಿಲರೇಟರನ್ನು! ಸ್ಕೂಟರ್ ಹೋಗಿ ತೆಂಗಿನಕಟ್ಟೆಗೆ ಗುದ್ದಿತು. ದೊಡ್ಡ ಗಾಯವೇನೂ ಆಗಲಿಲ್ಲ. ಆದರೆ ನೋಡುತ್ತಿದ್ದ ಯಾರೋ, "ಇದೆಲ್ಲ ಇವಳಿಗೆ ಯಾಕೆ ಬೇಕಿತ್ತು?" ಎಂದರು. ಆ ಮಾತು ಕಟ್ಟೆಗಿಂತ ಗಟ್ಟಿಯಾಗಿ ತಾಗಿತು. ಎರಡು ವಾರ ಸ್ಕೂಟರ್‌ನ ಮೇಲಿನ ಹೊದಿಕೆಯನ್ನೇ ತೆಗೆಯಲಿಲ್ಲ.

ನಂತರ ಉಮ್ಮ ಕೇಳಿದರು: "ಬಿದ್ದದ್ದು ಯಾಕೆಂದು ಗೊತ್ತಾಯಿತಾ?" ಇಲ್ಲ ಎಂದೆ. "ಹಾಗಾದರೆ ಗೊತ್ತು ಮಾಡಿಕೋ." ಅಷ್ಟೇ. ನನ್ನ ಕಲಿಕೆ ನಿಜವಾಗಿ ಆರಂಭವಾದದ್ದು ಅಂದಿನಿಂದ.

ಇದು ಸ್ಕೂಟರ್‌ನಂತೆ ಕಂಡರೂ ಸ್ಕೂಟರ್ ಅಲ್ಲ

ಎರಡು ಚಕ್ರದ ವಾಹನ ತಿರುವಿನಲ್ಲಿ ತಾನೂ ಬಾಗುತ್ತದೆ, ಸವಾರರನ್ನೂ ಬಾಗಿಸುತ್ತದೆ. ಮೂರು ಚಕ್ರದ್ದು ಅಥವಾ ಬದಿಚಕ್ರ ಜೋಡಿಸಿದ್ದು ಬಾಗುವುದಿಲ್ಲ. ಅದು ನೆಟ್ಟಗೇ ನಿಂತು ತಿರುಗುತ್ತದೆ. ಆಗ ನಮ್ಮ ಮೈ ತಿರುವಿನ ಹೊರಗಡೆಗೆ ತಳ್ಳಲ್ಪಡುತ್ತದೆ. ನನಗೆ ಅಂದು ಆದದ್ದು ಇದೇ. ವೇಗ ಹೆಚ್ಚಿದ್ದರೆ ಒಳಬದಿಯ ಚಕ್ರ ನೆಲ ಬಿಟ್ಟು ಏಳಲೂಬಹುದು. ಆದ್ದರಿಂದ 'ಚಕ್ರ ಹೆಚ್ಚಿದೆ, ಬೀಳುವುದೇ ಇಲ್ಲ' ಎಂಬ ಭ್ರಮೆ ಬೇಡ.

ಪರಿಹಾರ ಸುಲಭ. ತಿರುವು ಬರುವ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಹೋದ ಮೇಲೆ ಅಲ್ಲ. ಎದೆಯನ್ನು ಸ್ವಲ್ಪ ಒಳಬದಿಗೆ, ಅಂದರೆ ಎಡಕ್ಕೆ ತಿರುಗುವಾಗ ಎಡಕ್ಕೆ ವಾಲಿಸಿ. ಮೊಣಕೈ ಸಡಿಲವಿರಲಿ. ಕಣ್ಣು ಚರಂಡಿಯ ಮೇಲೆ ಬೇಡ, ಹೋಗಬೇಕಾದ ದಾರಿಯ ಮೇಲಿರಲಿ. ಕಣ್ಣು ಹೋದ ಕಡೆಗೆ ಕೈ ಹೋಗುತ್ತದೆ.

ಇನ್ನು ಕೆಲವು ಸಂಗತಿಗಳನ್ನು ಮೊದಲೇ ತಿಳಿದಿದ್ದರೆ ಹೆದರಿಕೆ ಅರ್ಧ ಕಡಿಮೆಯಾಗುತ್ತದೆ:

• ನಮ್ಮ ರಸ್ತೆಗಳು ನಡುವೆ ಎತ್ತರ, ಅಂಚಿನಲ್ಲಿ ಇಳಿಜಾರು. ಹಾಗಾಗಿ ವಾಹನ ಎಡಕ್ಕೆ ಎಳೆದಂತಾಗುತ್ತದೆ. ಅದು ಕೆಟ್ಟಿಲ್ಲ, ಹ್ಯಾಂಡಲನ್ನು ಮೆಲ್ಲನೆ ಬಲಕ್ಕೆ ಹಿಡಿದರೆ ಸಾಕು.

• ಮುಂದಿನ ಚಕ್ರ ಗುಂಡಿ ತಪ್ಪಿಸಿತೆಂದು ನಿಶ್ಚಿಂತರಾಗಬೇಡಿ, ಬದಿಚಕ್ರ ಅದರಲ್ಲೇ ಇಳಿಯಬಹುದು. ನಿಮ್ಮ ವಾಹನದ ಅಗಲವನ್ನು ಹ್ಯಾಂಡಲಿನಿಂದಲ್ಲ, ಬದಿಚಕ್ರಗಳಿಂದ ಅಳೆಯಿರಿ.

• ಮೂಲ ಹಿಂಚಕ್ರವನ್ನು ಉಳಿಸಿಕೊಂಡು ಬದಿಚಕ್ರ ಕೂಡಿಸಿದ ಸ್ಕೂಟರಿನಲ್ಲಿ ಎಳೆಯುವ ಶಕ್ತಿ ಇರುವುದು ನಡುವಿನ ಚಕ್ರಕ್ಕೆ. ಎರಡೂ ಬದಿ ಎತ್ತರವಾಗಿ ನಡುವೆ ತಗ್ಗಿದ್ದರೆ ಆ ಚಕ್ರ ಗಾಳಿಯಲ್ಲೇ ತಿರುಗಿ ವಾಹನ ನಿಂತುಬಿಡುತ್ತದೆ. ಅಂತಹ ಜಾಗವನ್ನು ಓರೆಯಾಗಿ, ನಿಧಾನವಾಗಿ ದಾಟಿ.

• ನಿಲ್ಲಿಸುವಾಗ ಕಾಲು ಕೆಳಗಿಡುವ ಅಗತ್ಯವಿಲ್ಲ. ಚಲಿಸುತ್ತಿರುವಾಗಂತೂ ಇಡಲೇಬಾರದು, ಹಿಂದಿನಿಂದ ಬರುವ ಬದಿಚಕ್ರ ಪಾದದ ಮೇಲೆ ಹತ್ತೀತು. ಬಲವಿಲ್ಲದ ಕಾಲು ಜಾರದಂತೆ ಪಾದದ ಹಲಗೆಗೆ ಒರಟಾದ ಮ್ಯಾಟ್ ಮತ್ತು ಅಂಚಿಗೊಂದು ತಡೆ ಹಾಕಿಸಿ. ಕಾಲನ್ನು ವಾಹನಕ್ಕೆ ಕಟ್ಟಬೇಡಿ.

• ಇದು ನಿಂತಲ್ಲಿ ಬೀಳುವುದಿಲ್ಲ, ಆದರೆ ಇಳಿಜಾರಿನಲ್ಲಿ ಉರುಳುತ್ತದೆ. ಬ್ರೇಕಿಗೆ ಲಾಕ್ ಇರಲೇಬೇಕು.

ಕಲಿಕೆಯ ಮೆಟ್ಟಿಲುಗಳು

ಮೊದಲ ದಿನ ಎಂಜಿನ್ ಚಾಲೂ ಮಾಡಲೇಬೇಡಿ. ಹತ್ತಿ ಇಳಿಯುವುದನ್ನು, ಊರುಗೋಲನ್ನು ಅದರ ಜಾಗದಲ್ಲಿ ಸಿಕ್ಕಿಸುವುದನ್ನು ಅಭ್ಯಾಸ ಮಾಡಿ. ಮನೆಯವರು ಹಿಂದಿನಿಂದ ಮೆಲ್ಲನೆ ತಳ್ಳಲಿ, ನೀವು ಬ್ರೇಕ್ ಹಿಡಿದು ನಿಲ್ಲಿಸಿ. ಓಡಿಸುವುದಕ್ಕಿಂತ ಮೊದಲು ನಿಲ್ಲಿಸಲು ಕಲಿತವಳಿಗೆ ಭಯ ಕಡಿಮೆ. ಗೇರಿಲ್ಲದ ಸ್ಕೂಟರ್‌ಗಳಲ್ಲಿ ಬಹುತೇಕ ಎರಡೂ ಬ್ರೇಕ್‌ಗಳು ಕೈಯಲ್ಲೇ ಇರುವುದು ನಮಗೆ ದೊಡ್ಡ ಅನುಕೂಲ.

ಎರಡನೆಯ ಹಂತದಲ್ಲಿ ಖಾಲಿ ಮೈದಾನ. ಕಲ್ಲುಗಳನ್ನಿಟ್ಟು ಅವುಗಳ ಸುತ್ತ ಎಡಕ್ಕೆ, ಬಲಕ್ಕೆ, ನಂತರ ಎಂಟರ ಆಕಾರದಲ್ಲಿ ತಿರುಗಿ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ದಣಿದ ಕೈ ತಪ್ಪು ಮಾಡುತ್ತದೆ. ಗಾಬರಿಯಾದ ಕೂಡಲೇ ಆಕ್ಸಿಲರೇಟರ್ ಬಿಟ್ಟು ಬ್ರೇಕ್ ಹಿಡಿಯುವುದು ಮಾತ್ರ ಯೋಚಿಸದೆಯೇ ಬರುವಷ್ಟು ಅಭ್ಯಾಸವಾಗಬೇಕು. ಲರ್ನರ್ ಲೈಸನ್ಸ್ ಕೈಗೆ ಬಂದ ಮೇಲೆ ಲೈಸನ್ಸ್ ಇರುವವರ ಜೊತೆಯಲ್ಲಿ ಬೆಳಗ್ಗಿನ ಖಾಲಿ ರಸ್ತೆ. ಪೇಟೆಯ ಗದ್ದಲ ಕೊನೆಗೆ.

ಉಡುಪಿನ ಬಗ್ಗೆ ಒಂದು ಎಚ್ಚರಿಕೆ. ಬುರ್ಖಾದ ಅಂಚು, ದುಪಟ್ಟಾದ ತುದಿ ಚಕ್ರಕ್ಕೆ ಸಿಕ್ಕಿ ಆಗುವ ಅನಾಹುತ ಭಯಂಕರ. ನಮ್ಮ ವಾಹನದಲ್ಲಿ ಅಕ್ಕಪಕ್ಕದಲ್ಲೂ ಚಕ್ರ ತಿರುಗುತ್ತದೆ. ಬದಿಚಕ್ರಗಳಿಗೆ ಮೇಲುಹೊದಿಕೆ ಹಾಕಿಸಿ. ಬುರ್ಖಾದ ಕೆಳಭಾಗವನ್ನು ಮಡಚಿ ಕುಳಿತುಕೊಳ್ಳಿ, ಒಳಗೆ ಸಡಿಲ ಪೈಜಾಮ ಇರಲಿ. ಹೆಲ್ಮೆಟ್‌ನ ಒಳಗೆ ತೆಳುವಾದ ಹತ್ತಿಯ ಸ್ಕಾರ್ಫ್ ಸಾಕು, ಪಿನ್ನು ಬೇಡ. ಹೆಲ್ಮೆಟ್ ಐ.ಎಸ್.ಐ. ಗುರುತಿನದ್ದೇ ಆಗಿರಲಿ.

ಕಾನೂನು ನಿಮ್ಮ ಪರವಾಗಿದೆ

ಅಂಗವಿಕಲರಿಗಾಗಿ ಮಾರ್ಪಡಿಸಿದ ವಾಹನಕ್ಕೆ ಲೈಸನ್ಸ್ ಪಡೆಯಲು ಅವಕಾಶವಿದೆ. ಲರ್ನರ್ ಲೈಸನ್ಸ್ 6 ತಿಂಗಳು ನಡೆಯುತ್ತದೆ. 30 ದಿನಗಳ ನಂತರ ಪರೀಕ್ಷೆಗೆ ಹೋಗಬಹುದು. ಪರೀಕ್ಷೆಯನ್ನು ನಿಮ್ಮ ವಾಹನದಲ್ಲೇ ಕೊಡಿ. ಚಕ್ರ ಜೋಡಿಸಿದ ವಿಷಯ ಆರ್.ಸಿ. ಪುಸ್ತಕದಲ್ಲಿ ನಮೂದಾಗಿರಬೇಕು, ವಿಮೆಯೂ ಅದರಂತೆ ಇರಬೇಕು. ಕರ್ನಾಟಕದಲ್ಲಿ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಿಂದ ಇಂತಹ ವಾಹನ ಕೊಡುವ ಯೋಜನೆಯಿದೆ. ನಿಮ್ಮ ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಅರ್ಜಿಯ ವಿವರ ಸಿಗುತ್ತದೆ.

ಇದು ಹೊಸ ಆಸೆಯೂ ಅಲ್ಲ. 1655ರಲ್ಲೇ ಜರ್ಮನಿಯ ನ್ಯೂರೆಂಬರ್ಗ್ ಬಳಿ ಸ್ಟೀಫನ್ ಫಾರ್ಫ್ಲರ್ ಎಂಬ ಗಡಿಯಾರ ತಯಾರಕ, ತನ್ನ ಕಾಲುಗಳಿಗೆ ಬಲವಿಲ್ಲದ್ದರಿಂದ, ಕೈಯಿಂದ ತಿರುಗಿಸುವ ಮೂರು ಚಕ್ರದ ಗಾಡಿಯನ್ನು ತಾನೇ ಮಾಡಿಕೊಂಡಿದ್ದ. ತನ್ನ ದಾರಿಯನ್ನು ತಾನೇ ಹೋಗಬೇಕೆಂಬ ಹಂಬಲ ಅಷ್ಟು ಹಳೆಯದು.

ಮನೆಯವರಲ್ಲಿ ಒಂದು ಮಾತು

ಕಲಿಯುವವಳ ಪಕ್ಕದಲ್ಲಿ ಕಿರುಚಬೇಡಿ. "ನಿನ್ನಿಂದ ಆಗದು" ಎನ್ನುವುದು ಅನೇಕ ಬಾರಿ ಪ್ರೀತಿಯಿಂದಲೇ ಬರುವ ಮಾತು. ಆದರೆ ಆ ಪ್ರೀತಿಯೂ ಬಾಗಿಲಿಗೆ ಹಾಕಿದ ಚಿಲಕವಾಗಬಹುದು. ಒಂದು ತಪ್ಪನ್ನು ಒಮ್ಮೆ ಮಾತ್ರ ಹೇಳಿ, ಮತ್ತೆ ದೂರ ನಿಂತು ನೋಡಿ.

ಲೈಸನ್ಸ್ ಸಿಕ್ಕ ತಿಂಗಳಿಗೆ ಉಮ್ಮನ ಕಣ್ಣಿನ ಪರೀಕ್ಷೆ ಇತ್ತು. ತಮ್ಮ ಊರಲ್ಲಿರಲಿಲ್ಲ. ಉಮ್ಮ ಹೆಲ್ಮೆಟ್ ಹಾಕಿಕೊಂಡು, ನನ್ನ ಹೆಗಲು ಹಿಡಿದು, ಹಿಂದೆ ಕುಳಿತರು. ಐದು ವರ್ಷ ನನ್ನನ್ನು ಸೊಂಟದ ಮೇಲೆ ಹೊತ್ತು ಶಾಲೆಗೆ ತಲುಪಿಸಿದವರು ಅವರು. ಆ ತೆಂಗಿನಕಟ್ಟೆಯ ತಿರುವಿನಲ್ಲಿ ನಾನು ವೇಗ ಇಳಿಸಿದೆ. ಉಮ್ಮ ಏನೂ ಹೇಳಲಿಲ್ಲ, ಹೆಗಲ ಮೇಲಿನ ಹಿಡಿತ ಮಾತ್ರ ಸಡಿಲವಾಯಿತು. ಅವರಿಗೆ ಭಯ ಹೋಯಿತೆಂದು ತಿಳಿದೆ.

ಸಹೋದರಿ, ನಾಳೆ ಬೆಳಗ್ಗೆ ನಿಮ್ಮ ವಾಹನದ ಹೊದಿಕೆ ತೆಗೆಯಿರಿ. ಓಡಿಸುವುದು ಬೇಡ, ಸುಮ್ಮನೆ ಹತ್ತಿ ಕುಳಿತು ಬ್ರೇಕ್ ಹಿಡಿದು ನೋಡಿ. ನಾಳೆಗೆ ಅಷ್ಟು ಸಾಕು.