ಗುರಿಗೆ ತಕ್ಕ ಕೋವಿ

ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಹೋದವರು ಮದನಿಕೆಯರನ್ನು ನೋಡದೆ ಹಿಂದಿರುಗುವುದಿಲ್ಲ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಗೊಂಡ ಆ ಗುಡಿಯಲ್ಲಿ ಅರ್ಜುನನು ಮತ್ಸ್ಯಯಂತ್ರವನ್ನು ಭೇದಿಸುವ ಶಿಲ್ಪವೂ ಇದೆ. ಹಳೇಬೀಡಿನ ಹೊಯ್ಸಳೇಶ್ವರನ ಗೋಡೆಗಳಲ್ಲಂತೂ ಬಿಲ್ಲು ಹಿಡಿದು ನಿಂತ ವೀರರು ಸಾಲುಸಾಲಾಗಿ ಕಾಣುತ್ತಾರೆ. ಗುರಿಯಿಡುವ ವಿದ್ಯೆ ಯುದ್ಧಕ್ಕೂ ಬೇಟೆಗೂ ಮಾತ್ರವಲ್ಲ, ಪಂದ್ಯಕ್ಕೂ ಸಲ್ಲುವುದೆಂಬುದನ್ನು ನಮ್ಮವರು ಬಹು ಹಿಂದೆಯೇ ಅರಿತಿದ್ದರು.

ಬಿಲ್ಲಿನ ಸ್ಥಾನಕ್ಕೆ ಕೋವಿ ಬಂದ ಮೇಲೆ ಪಂದ್ಯದ ಗುರಿಯೂ ಬದಲಾಯಿತು. ಅರಸೀಕೆರೆಯ ಸೀಮೆಯಲ್ಲಿ ತೆಂಗಿನಕಾಯಿ ಎಂದರೆ ಕೊಬ್ಬರಿ, ಮಂಡಿ, ಧಾರಣೆ. ಅಲ್ಲಿಂದ ಮಲೆನಾಡಿನ ಅಂಚು ಹಿಡಿದು ಕೊಡಗಿಗೆ ಹೋದರೆ ಅದೇ ಕಾಯಿ ಕೋವಿಯ ಗುರಿಯಾಗಿ ನಿಂತಿರುತ್ತದೆ!

ಕೊಡಗಿನ ಕಾಯಿ, ಅಮೆರಿಕದ ತಗಡು

ಕೊಡವರ ಕೈಲ್‌ಪೊಳ್ದ್ ಹಬ್ಬವು ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು ಬರುತ್ತದೆ. ನಾಟಿಯ ಕೆಲಸ ಮುಗಿದು, ಆಯುಧಗಳನ್ನು ಹೊರತೆಗೆದು ಪೂಜಿಸುವ ದಿನವದು. ಕೋವಿಯನ್ನು ತೋಕ್‌ಪೂವಿನಿಂದ, ಅಂದರೆ ನಾವು ಅಗ್ನಿಶಿಖೆ ಎನ್ನುವ ಹೂವಿನಿಂದ ಸಿಂಗರಿಸುತ್ತಾರೆ. ಪೂಜೆಯ ತರುವಾಯ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಹಿಂದೆ ಎತ್ತರದ ಮರಕ್ಕೆ ಕಾಯಿಯನ್ನು ಕಟ್ಟಿ ಹೊಡೆಯುತ್ತಿದ್ದುದುಂಟು. ಈಗಿನ ಕೂಟಗಳಲ್ಲಿ .22 ರೈಫಲಿಗೊಂದು ವಿಭಾಗ, 12 ಬೋರಿನ ಕೋವಿಗೊಂದು ವಿಭಾಗ ಎಂದು ಏರ್ಪಡಿಸುವ ರೂಢಿಯಿದೆ. ಹೆಂಗಸರೂ ಕೋವಿ ಎತ್ತುತ್ತಾರೆ.

ಕಡಲಾಚೆ ಅಮೆರಿಕದಲ್ಲಿ ಇನ್ನೊಂದು ಬಗೆಯ ಪಂದ್ಯ ನಡೆಯುತ್ತದೆ. ಅಗಲವಾದ ಟೋಪಿ, ಬೂಟು ಧರಿಸಿ, ದನಗಾಹಿ ಕೌಬಾಯ್‌ಗಳ ಕಾಲದ ಕೋವಿಗಳನ್ನೇ ಹಿಡಿದು, ಕೃತಕ ಹೆಸರಿಟ್ಟುಕೊಂಡು ಆಡುವ ಆಟವಿದು. 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿತು. 1987ರಲ್ಲಿ ಇದಕ್ಕೆಂದೇ ಒಂದು ಸಂಸ್ಥೆ ಸ್ಥಾಪನೆಯಾಯಿತು. ಎರಡು ರಿವಾಲ್ವರ್, ಒಂದು ರೈಫಲ್, ಒಂದು ಚರೆಕೋವಿ ಆಟಗಾರನ ಸರಂಜಾಮು. ಉಕ್ಕಿನ ತಗಡುಗಳೇ ಗುರಿ. ರೈಫಲಿನಿಂದ ಸಾಮಾನ್ಯವಾಗಿ ಹತ್ತು ಗುಂಡು ಹಾರಿಸಬೇಕು. ಗಡಿಯಾರ ಓಡುತ್ತಿರುತ್ತದೆ, ತಪ್ಪಿದ ಒಂದೊಂದು ಗುಂಡಿಗೂ ಐದು ಸೆಕೆಂಡುಗಳ ದಂಡ.

ಆ ದೇಶದಲ್ಲಿ ನೆಲೆಸಿದ ನೆಂಟರ ಮಕ್ಕಳಲ್ಲಿ ಈ ಆಟದ ಹುಚ್ಚು ಹತ್ತಿದವರಿಗೂ, ನಮ್ಮ ಕಾಫಿ ಸೀಮೆಯಲ್ಲಿ ಕೋವಿ ಕೊಳ್ಳಹೊರಟವರಿಗೂ ಎದುರಾಗುವ ಪ್ರಶ್ನೆ ಒಂದೇ. ಯಾವ ಕೋವಿಯನ್ನು ನಂಬಬಹುದು?

ಪಂಪಿನ ಮರ್ಮ

ಕೌಬಾಯ್ ಪಂದ್ಯದಲ್ಲಿ ಹೆಚ್ಚಿನವರು ಹಿಡಿಯುವುದು ಸನ್ನೆ ಇರುವ ರೈಫಲನ್ನು. ಕೆಲವರು ಮಾತ್ರ ಪಂಪ್ ರೈಫಲನ್ನು ಮೆಚ್ಚುತ್ತಾರೆ. ಇದರ ಮೂಲಪುರುಷ ಕೋಲ್ಟ್ ಸಂಸ್ಥೆಯು 1884ರಲ್ಲಿ ಹೊರತಂದ ‘ಲೈಟ್ನಿಂಗ್’. ಇಟಲಿಯ ಉಬರ್ಟಿ, ಪೆಡರ್ಸೋಲಿ ಮೊದಲಾದ ಸಂಸ್ಥೆಗಳು ಅದರ ಪ್ರತಿರೂಪಗಳನ್ನು ತಯಾರಿಸಿವೆ.

ನಳಿಗೆಯ ಕೆಳಗಿರುವ ಮರದ ಹಿಡಿಯನ್ನು ಎಡಗೈಯಿಂದ ಹಿಂದಕ್ಕೆ ಎಳೆದರೆ ಸುಟ್ಟ ತೋಟಾ ಹೊರಗೆ ಹಾರುತ್ತದೆ. ಮುಂದಕ್ಕೆ ನೂಕಿದರೆ ಕೊಳವೆಯೊಳಗಿನ ಹೊಸ ತೋಟಾ ನಳಿಗೆಗೆ ಸೇರಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಬಲಗೈ ಟ್ರಿಗರಿನ ಬಳಿಯಿಂದ ಕದಲಬೇಕಾಗಿಲ್ಲ, ಕಣ್ಣು ಗುರಿಯಿಂದ ಸರಿಯಬೇಕಾಗಿಲ್ಲ. ಇದೇ ಇದರ ಹೆಚ್ಚುಗಾರಿಕೆ.

ಆದರೆ ವೇಗವಿರುವಲ್ಲಿ ತೊಡಕೂ ಉಂಟು. ಹಿಡಿಯನ್ನು ಪೂರ್ತಿಯಾಗಿ ಎಳೆಯದೆ ಅರ್ಧಕ್ಕೆ ನೂಕಿದರೆ ತೋಟಾ ಸಿಕ್ಕಿಕೊಳ್ಳುತ್ತದೆ. ತೋಟಾದ ಉದ್ದ ತುಸು ವ್ಯತ್ಯಾಸವಾದರೂ ಯಂತ್ರ ಮುನಿಸಿಕೊಳ್ಳಬಹುದು. ತೋಟಾಗಳು ಕೊಳವೆಯಲ್ಲಿ ಒಂದರ ಹಿಂದೊಂದು ನಿಲ್ಲುವುದರಿಂದ ಚೂಪು ಮೂತಿಯ ಗುಂಡು ಅಪಾಯಕಾರಿ; ಅದರ ತುದಿ ಮುಂದಿನ ತೋಟಾದ ಕೇಪನ್ನು ತಾಕಿ ಸಿಡಿಸಬಹುದು. ಆದುದರಿಂದ ಚಪ್ಪಟೆ ಮೂತಿಯ ಸೀಸದ ಗುಂಡನ್ನೇ ಬಳಸಬೇಕು. ಹಳೆಯ ಲೈಟ್ನಿಂಗಿನಲ್ಲಿ ಟ್ರಿಗರನ್ನು ಒತ್ತಿಹಿಡಿದೇ ಪಂಪು ನೂಕಿದರೆ ಬಾಗಿಲು ಮುಚ್ಚಿದೊಡನೆ ಗುಂಡು ಹಾರುತ್ತಿತ್ತೆಂಬುದೂ ನೆನಪಿರಲಿ.

ಕೊಳ್ಳುವ ಮುನ್ನ

ಕೋವಿಯ ಹೊಳಪಿಗೂ ಕೆತ್ತನೆಗೂ ಮರುಳಾಗಬಾರದು. ಮೊದಲು ಅದು ಖಾಲಿಯಾಗಿದೆಯೇ ಎಂದು ಕಣ್ಣಾರೆ ಕಂಡು, ಬೆರಳಿನಿಂದಲೂ ಮುಟ್ಟಿ ನೋಡಬೇಕು. ಬಳಿಕ ಮದ್ದಿಲ್ಲದ ಹುಸಿ ತೋಟಾಗಳನ್ನು ತುಂಬಿ, ನಿಧಾನವಾಗಿ ಹತ್ತು ಸಲ, ಬೇಗಬೇಗನೆ ಹತ್ತು ಸಲ ಆಡಿಸಬೇಕು. ನಿಧಾನಕ್ಕೆ ಒಲಿದು ವೇಗಕ್ಕೆ ಮುನಿಯುವ ಕೋವಿ ಪಂದ್ಯಕ್ಕೆ ಬಾರದು. ವೇಗಕ್ಕೆ ಮಾತ್ರ ಒಲಿಯುವುದೂ ಬೇಡ.

ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ತುಕ್ಕು, ಗುಳಿ, ಉಬ್ಬು ಇದೆಯೇ ಎಂದು ಪರೀಕ್ಷಿಸಬೇಕು. ಕೋವಿಯ ಮೇಲಿನ ನಂಬರು ಕಾಗದಪತ್ರಗಳೊಡನೆ ತಾಳೆಯಾಗಬೇಕು. ಹೆಗಲಿಗೆ ಆನಿಸಿದಾಗ ಕುತ್ತಿಗೆ ಚಾಚದೆಯೇ ಕಣ್ಣಿಗೆ ಗುರಿಯ ಗೆರೆ ಸಿಕ್ಕಬೇಕು. ಗಂಡನ ಅಳತೆಯ ಕೋವಿ ಹೆಂಡತಿಗೆ ಒಗ್ಗಲಾರದು. ಅಂಗಿಯಂತೆಯೇ ಕೋವಿಗೂ ಮೈ ಅಳತೆಯುಂಟು. ಕೆಟ್ಟರೆ ಸರಿಪಡಿಸುವವರು, ಬೇಕಾದ ತೋಟಾ ಹತ್ತಿರದಲ್ಲಿ ದೊರೆಯುವರೇ ಎಂಬುದನ್ನೂ ವಿಚಾರಿಸಬೇಕು. ತೋಟಾ ಸಿಗದ ಕೋವಿ ಗೋಡೆಯ ಅಲಂಕಾರವಷ್ಟೇ.

ಮಲೆನಾಡಿನ ಮಳೆಗಾಲವೂ ಒಂದು ಪರೀಕ್ಷೆಯೇ. ತೇವಕ್ಕೆ ಮರ ಉಬ್ಬುತ್ತದೆ, ಸ್ಪ್ರಿಂಗಿಗೆ ತುಕ್ಕು ಹಿಡಿಯುತ್ತದೆ. ಬಿಡಿಭಾಗಗಳು ಹೆಚ್ಚಿದಷ್ಟೂ ತುಕ್ಕಿಗೆ ಎಡೆ ಹೆಚ್ಚು. ತಿಂಗಳುಗಟ್ಟಲೆ ಎಣ್ಣೆ ಕಾಣದ ಕೋವಿ ಹಬ್ಬದ ದಿನ ಮುಖ ತಿರುಗಿಸಿದರೆ ತಪ್ಪು ಕೋವಿಯದಲ್ಲ.

ನಮ್ಮ ಆಟಕ್ಕೆ ಯಾವುದು?

ಇಲ್ಲಿ ಒಂದು ಭೇದವನ್ನು ಮನಗಾಣಬೇಕು. ಅಮೆರಿಕದ ಪಂದ್ಯ ಹತ್ತು ಗುಂಡುಗಳದು, ಗಡಿಯಾರದ್ದು. ಅಲ್ಲಿ ಪಂಪಿಗೆ ಅರ್ಥವಿದೆ. ತೆಂಗಿನಕಾಯಿ ಓಡಿಹೋಗುವುದಿಲ್ಲ. ಅದಕ್ಕೆ ಬೇಕಾದುದು ಸಾವಧಾನದ ಒಂದು ಗುಂಡು. ಅರ್ಜುನನಿಗೆ ಬೇಕಾದುದೂ ಬತ್ತಳಿಕೆಯ ತುಂಬ ಬಾಣಗಳಲ್ಲ, ಒಂದು ನೆಟ್ಟ ನೋಟ. ಆದ್ದರಿಂದ ನಮ್ಮ ಪಂದ್ಯಕ್ಕೆ ಬೋಲ್ಟಿನ .22 ರೈಫಲ್ ಅಥವಾ ಸರಳವಾದ ಒಂಟಿ ನಳಿಗೆಯ ಕೋವಿ ಸಾಕು. ತಿರುಚಿರಾಪಳ್ಳಿಯ ಸರ್ಕಾರಿ ಕಾರ್ಖಾನೆಯಲ್ಲಿ 12 ಬೋರಿನ ಪಂಪ್ ಕೋವಿಯೂ ತಯಾರಾಗಿದೆ. ಆದರೆ ಚರೆ ಹರಡುವ ಆ ಕೋವಿಗೂ ಒಂದೇ ಗುಂಡಿನ ರೈಫಲಿಗೂ ಗುರಿಯ ಲೆಕ್ಕವೇ ಬೇರೆ.

ಇನ್ನು ಕಾನೂನಿನ ಮಾತು. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯಿದೆ. ಬ್ರಿಟಿಷರ ಕಾಲದಿಂದ ಬಂದ ಈ ಸೌಲಭ್ಯವನ್ನು ಕೇಂದ್ರ ಸರ್ಕಾರವು 2019ರಲ್ಲಿ ಇನ್ನೂ ಹತ್ತು ವರ್ಷಗಳಿಗೆ ವಿಸ್ತರಿಸಿತು. 2021ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆದರೆ ಅರಸೀಕೆರೆಯವರಾಗಲಿ, ಬೇಲೂರಿನ ಸಾಮಾನ್ಯ ತೋಟಗಾರರಾಗಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಲೈಸೆನ್ಸ್ ಪಡೆಯಲೇಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಸಾಧಾರಣವಾಗಿ ಎರಡಕ್ಕಿಂತ ಹೆಚ್ಚು ಕೋವಿಗಳಿಲ್ಲ. ಎರಡೇ ಎಂದಾಗ ಆಯ್ಕೆಯಲ್ಲಿ ಎಚ್ಚರ ಇಮ್ಮಡಿಯಾಗಬೇಕಷ್ಟೆ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆಯ ಮಾತಂತೂ ಮುಗಿಯಿತು. ಕಾಯಿ, ಕಾಗದ, ತಗಡುಗಳೇ ಉಳಿದ ಗುರಿಗಳು. ಹೊಸಬರು ತರಬೇತಿಯುಳ್ಳವರ ಕಣ್ಣೆದುರಿನಲ್ಲಿ 10 ಮೀಟರಿನ ಏರ್ ರೈಫಲಿನಿಂದ ಆರಂಭಿಸುವುದು ಲೇಸು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದುದು ಅದೇ ವಿಭಾಗದಲ್ಲಿ.

ಕಡೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಸಂಗತಿ. .22ರ ಪುಟ್ಟ ಗುಂಡು ಕೂಡ ಒಂದು ಮೈಲಿಗೂ ಆಚೆ ಹೋಗಬಲ್ಲದು. ಕಾಯಿಯ ಹಿಂದೆ ಮಣ್ಣಿನ ದಿಬ್ಬವಿರಲಿ, ಬಯಲೂ ಬಾನೂ ಬೇಡ. ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರಿನ ಹೊರಗಿರಲಿ. ಮನೆಯಲ್ಲಿ ಕೋವಿ ಒಂದೆಡೆ, ತೋಟಾ ಇನ್ನೊಂದೆಡೆ, ಎರಡಕ್ಕೂ ಬೀಗ. ಬೀಗದ ಕೈ ಮಕ್ಕಳಿಗೆ ಎಟುಕದಿರಲಿ. ನಂಬಿಕೆಗೆ ಅರ್ಹವಾದ ಕೋವಿಯನ್ನು ಹಣ ಕೊಟ್ಟು ತರಬಹುದು. ನಂಬಿಕೆಗೆ ಅರ್ಹವಾದ ಕೈಯನ್ನು ಮಾತ್ರ ಅಭ್ಯಾಸದಿಂದಲೇ ಗಳಿಸಬೇಕು.