ನಗೆಯ ಅರಸನೂ ಚರಿತ್ರೆಯ ಅರಸನೂ

ವಿಜಯನಗರದ ಕೃಷ್ಣದೇವರಾಯನನ್ನು (ಆಳ್ವಿಕೆ 1509-1529) ನಮ್ಮ ಮಕ್ಕಳು ಮೊದಲು ಅರಿಯುವುದು ತೆನಾಲಿ ರಾಮಕೃಷ್ಣನ ಕಥೆಗಳಿಂದ. ಸಾವಿರ ತಲೆಯ ಕಾಳಿಯನ್ನು ಕಂಡ ರಾಮಕೃಷ್ಣನು, ನೆಗಡಿಯಾದರೆ ಎರಡೇ ಕೈಗಳಿಂದ ಇಷ್ಟು ಮೂಗುಗಳನ್ನು ಹೇಗೆ ಒರೆಸಿಕೊಳ್ಳುವೆಯೆಂದು ನಗುತ್ತಾನೆ. ದೇವಿಯು ಮುನಿದು ವಿಕಟಕವಿಯಾಗೆಂದು ಶಪಿಸಿದರೆ, ಹಿಂದಿನಿಂದ ಓದಿದರೂ ಒಂದೇ ಆಗುವ ಆ ಪದವನ್ನು ವರವೆಂದೇ ಸ್ವೀಕರಿಸುತ್ತಾನೆ. ಇಂತಹ ಜಾಣನ ಮುಂದೆ ರಾಯನೂ ಪದೇ ಪದೇ ಪೆಚ್ಚಾಗುವನು.

ಚರಿತ್ರೆಯ ಮಾತು ಬೇರೆ. 'ಪಾಂಡುರಂಗ ಮಾಹಾತ್ಮ್ಯಮು' ರಚಿಸಿದ ಈ ತೆಲುಗು ಕವಿಯು ರಾಯನ ತರುವಾಯದವನೆಂಬುದು ಹಲವು ವಿದ್ವಾಂಸರ ಮತ. ರಾಯನಾದರೋ ಪಟ್ಟವೇರಿದ ಕೆಲವೇ ವರ್ಷಗಳಲ್ಲಿ, ಇಂದಿನ ಚಾಮರಾಜನಗರ ತಾಲ್ಲೂಕಿಗೆ ಸೇರಿದ ಉಮ್ಮತ್ತೂರಿನ ಗಂಗರಾಜನ ಮೇಲೆ ದಂಡೆತ್ತಿ ಬಂದು, ಶಿವನಸಮುದ್ರದ ಕೋಟೆಯನ್ನು ಗೆದ್ದವನು. ಉಡಿಗಾಲದ ಮಕ್ಕಳಿಗೆ ಇದು ಅನ್ಯ ಸೀಮೆಯ ಸಂಗತಿಯಲ್ಲ.

ಹಾಗೆಂದು ಕಥೆಯನ್ನು ಸುಳ್ಳೆಂದು ತಳ್ಳಬೇಕಾಗಿಲ್ಲ. ಸಿಂಹಾಸನದೆದುರು ನಗಬಲ್ಲ ಧೈರ್ಯವೇ ಅದರ ತಿರುಳು. ಆದರೆ ಅದನ್ನೇ ಚರಿತ್ರೆಯೆಂದು ನಂಬಿದ ಮಗುವಿಗೆ ತನ್ನ ನಾಡಿನ ಸೋಲು ಕಾಣದೆಯೇ ಹೋದೀತು. ಉಪಾಧ್ಯಾಯರು ಕಥೆ ಹೇಳಿದ ದಿನವೇ ಭೂಪಟದಲ್ಲಿ ಉಮ್ಮತ್ತೂರನ್ನೂ ತೋರಿಸಲಿ. ಆಗ ಮಕ್ಕಳು ನಗೆಯನ್ನೂ ಕಳೆದುಕೊಳ್ಳರು, ನಾಡಿನ ನೆನಪನ್ನೂ ಕಳೆದುಕೊಳ್ಳರು.