ಕೇಳುವುದೂ ಒಂದು ವಿದ್ಯೆ

ನಮ್ಮ ಶಾಲೆಯು ಐವತ್ತು ವರ್ಷಗಳನ್ನು ಪೂರೈಸಿದ ಈ ಶುಭಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆಯಬೇಕೆಂದು, ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿಗಳಾಗಿದ್ದ ಸಂಪಾದಕರು ಪ್ರೀತಿಯಿಂದ ಒತ್ತಾಯಿಸಿದ್ದಾರೆ. ಉತ್ತರ ಹೇಳುವುದೇ ಅಧ್ಯಾಪಕನ ಕೆಲಸವೆಂದು ತಿಳಿದು ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಮಾಡಿದವನು ನಾನು. ಪ್ರಶ್ನೆ ಕೇಳಲು ಕಲಿಸುವುದು ಅದಕ್ಕಿಂತ ದೊಡ್ಡ ಕೆಲಸವೆಂಬ ಅರಿವು ತಡವಾಗಿ ಬಂತು. ಅದು ಹೇಗೆ ಬಂತೆಂಬುದನ್ನೇ ಇಲ್ಲಿ ನಿವೇದಿಸುತ್ತೇನೆ.

ಪ್ರಶ್ನೋಪನಿಷತ್ತಿನ ಕತೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಆರು ಮಂದಿ ಜಿಜ್ಞಾಸುಗಳು ಸಮಿತ್ತುಗಳನ್ನು ಹಿಡಿದುಕೊಂಡು ಪಿಪ್ಪಲಾದ ಮಹರ್ಷಿಗಳ ಬಳಿಗೆ ಬರುತ್ತಾರೆ. ಗುರುಗಳು ಒಡನೆಯೇ ಉಪದೇಶಕ್ಕೆ ತೊಡಗುವುದಿಲ್ಲ. ಒಂದು ವರ್ಷ ಇಲ್ಲಿ ವ್ರತನಿಷ್ಠರಾಗಿದ್ದು ಆಮೇಲೆ ಕೇಳಿರಿ, ನಮಗೆ ತಿಳಿದಿದ್ದರೆ ಹೇಳುತ್ತೇವೆ ಎನ್ನುತ್ತಾರೆ. ಕೊನೆಯಲ್ಲಿ ಕೇಳುವ ಸುಕೇಶನ ಪ್ರಶ್ನೆಯಂತೂ ಮೂಲತಃ ಅವನದಲ್ಲ. ಕೋಸಲದ ರಾಜಕುಮಾರನೊಬ್ಬ ಹಿಂದೊಮ್ಮೆ ಅದನ್ನು ಅವನಲ್ಲಿ ಕೇಳಿದ್ದ. ಸುಕೇಶ ತನಗೆ ತಿಳಿಯದೆಂದು ಒಪ್ಪಿಕೊಂಡು, ಆ ಪ್ರಶ್ನೆಯನ್ನು ಮರೆಯದೆ ಗುರುಗಳ ಬಳಿಗೆ ಹೊತ್ತು ತಂದಿದ್ದ. ಕೇಳುವುದಕ್ಕೆ ತಾಳ್ಮೆ, ತಿಳಿಯದ್ದನ್ನು ತಿಳಿಯದೆನ್ನುವ ಪ್ರಾಮಾಣಿಕತೆ, ಉತ್ತರ ಸಿಗುವ ತನಕ ಪ್ರಶ್ನೆಯನ್ನು ಕೈಬಿಡದ ಛಲ, ಈ ಮೂರೂ ಆ ಕತೆಯಲ್ಲಿವೆ.

ಈ ಕತೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆದರೆ ಪರೀಕ್ಷೆ ನನ್ನ ಮುಂದೆಯೇ ಬಂದಾಗ ನಾನು ತೇರ್ಗಡೆಯಾಗಲಿಲ್ಲ.

1980ರ ದಶಕದ ಆರಂಭ. ಐದನೆಯ ತರಗತಿಯಲ್ಲಿ ಹೂವು, ಪರಾಗಗಳ ಪಾಠ ನಡೆದಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಮಾಸ್ಟ್ರೇ, ಗುಡ್ಡೆಗೆ ಹೆಲಿಕಾಪ್ಟರಿನಲ್ಲಿ ಮದ್ದು ಬಿಟ್ಟ ಮೇಲೆ ನಮ್ಮ ಪೆಟ್ಟಿಗೆಯ ಜೇನೆಲ್ಲ ಸತ್ತಿದೆ. ಇನ್ನು ಹೂವಿಗೆ ಯಾರು ಹೋಗುವುದು?” ಎಂದು ಕೇಳಿದ. ತರಗತಿ ನಕ್ಕಿತು. “ಪಾಠದಲ್ಲಿ ಇಲ್ಲದ್ದನ್ನು ಕೇಳಬೇಡ, ಕೂತುಕೋ” ಎಂದೆ. ಆ ವರ್ಷ ಅವನು ಮತ್ತೆ ಬಾಯಿ ತೆರೆದ ನೆನಪು ನನಗಿಲ್ಲ. ನಿಜ ಹೇಳಬೇಕೆಂದರೆ ನನಗೆ ಉತ್ತರ ಗೊತ್ತಿರಲಿಲ್ಲ; ಗೊತ್ತಿಲ್ಲವೆನ್ನುವ ಧೈರ್ಯವೂ ಇರಲಿಲ್ಲ. ಹೆಲಿಕಾಪ್ಟರ್ ಬಂದಾಗ ಮಕ್ಕಳನ್ನು ಅಂಗಳಕ್ಕೆ ಬಿಟ್ಟು ಕೈಬೀಸಲು ಹೇಳಿದವನೂ ನಾನೇ.

ಆ ಮದ್ದು ಎಂಡೋಸಲ್ಫಾನ್. ಕಾಸರಗೋಡಿನ ಗುಡ್ಡಗಳಲ್ಲಿ ಹಬ್ಬಿದ್ದ, 4,000 ಹೆಕ್ಟೇರಿಗೂ ಮಿಗಿಲಾದ ಗೇರು ತೋಟಗಳಿಗೆ ಟೀ ಸೊಳ್ಳೆ ಎಂಬ ಕೀಟದ ಹತೋಟಿಗಾಗಿ ಅದನ್ನು 1970ರ ದಶಕದ ಕೊನೆಯಿಂದ 2000ದವರೆಗೆ ಆಕಾಶದಿಂದ ಸಿಂಪಡಿಸಲಾಯಿತು. ತೋಟಗಳು ಗುಡ್ಡದ ಮೇಲೆ. ನಮ್ಮ ಮನೆ, ಬಾವಿ, ಸುರಂಗಗಳು ಕೆಳಗೆ. ಕೈಕಾಲು ತಿರುಚಿದ ಕರುಗಳು ಹುಟ್ಟಿದಾಗ, ಮನೆಮನೆಯಲ್ಲಿ ಮಕ್ಕಳು ಕಾಯಿಲೆ ಬಿದ್ದಾಗ, ದೈವದ ಮುನಿಸು ಎಂದವರು ಬಹಳ ಮಂದಿ. ಪ್ರಶ್ನೆ ಕೇಳಿದವರು ಕೆಲವರೇ. ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಬರಹಕ್ಕೆ ತಂದರು. ಎಣ್ಮಕಜೆ ಪಂಚಾಯತಿನ ವಾಣಿನಗರದಲ್ಲಿ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ ಕುಮಾರ್ ಅವರು, ಇಷ್ಟು ಚಿಕ್ಕ ಪ್ರದೇಶದಲ್ಲಿ ಇಷ್ಟೊಂದು ರೋಗಗಳೇಕೆ ಎಂದು ಕೇಳಿದರು. ಪೆರಿಯದ ಲೀಲಾಕುಮಾರಿ ಅಮ್ಮನವರು 1998ರಲ್ಲಿ ಹೊಸದುರ್ಗದ ನ್ಯಾಯಾಲಯದ ಮೆಟ್ಟಿಲೇರಿದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಈ ಮದ್ದಿಗೆ ತಡೆಯೊಡ್ಡಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು.

ಇವರ ಪ್ರಶ್ನೆಗಳನ್ನೂ ನನ್ನ ಆ ವಿದ್ಯಾರ್ಥಿಯ ಪ್ರಶ್ನೆಯನ್ನೂ ಜೊತೆಗಿಟ್ಟು ನೋಡಿದಾಗ ಒಳ್ಳೆಯ ಪ್ರಶ್ನೆಯ ಲಕ್ಷಣಗಳು ನನಗೆ ಸ್ಪಷ್ಟವಾದವು. ಮೊದಲನೆಯದಾಗಿ, ಅದು ಕಣ್ಣಾರೆ ಕಂಡುದರಿಂದ ಹುಟ್ಟುತ್ತದೆ. ಹುಡುಗ ಪುಸ್ತಕ ಓದಿ ಕೇಳಿದ್ದಲ್ಲ, ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ ಕೇಳಿದ್ದು. ಎರಡನೆಯದಾಗಿ, ಅದು ಚಿಕ್ಕದಾಗಿಯೂ ಖಚಿತವಾಗಿಯೂ ಇರುತ್ತದೆ. “ಕಾಲ ಕೆಟ್ಟುಹೋಯಿತಲ್ಲ, ಏಕೆ?” ಎಂಬುದು ನಿಟ್ಟುಸಿರು, “ಯಾವ ಮನೆಯಲ್ಲಿ, ಎಂದಿನಿಂದ, ಎಷ್ಟು ಮಂದಿಗೆ?” ಎಂಬುದು ಪ್ರಶ್ನೆ. ಮೂರನೆಯದಾಗಿ, ಉತ್ತರವನ್ನು ಮೊದಲೇ ನಿಶ್ಚಯಿಸಿಕೊಂಡು ಕೇಳಬಾರದು. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಅಧ್ಯಯನಕ್ಕೆ ಬಂದಾಗ ಪಡ್ರೆಯ ಮಕ್ಕಳನ್ನಷ್ಟೇ ನೋಡಿ ಹೋಗಲಿಲ್ಲ. ಮದ್ದು ಸಿಂಪಡಿಸದ ಮೀಂಜದ ಮಕ್ಕಳನ್ನೂ ಪರೀಕ್ಷಿಸಿ ಹೋಲಿಸಿದರು. ಹೋಲಿಕೆಯಿಲ್ಲದಿದ್ದರೆ ಅನುಮಾನವು ಅನುಮಾನವಾಗಿಯೇ ಉಳಿಯುತ್ತದೆ. ಯಾವ ರೋಗಕ್ಕೆ ಈ ಮದ್ದು ಎಷ್ಟರ ಮಟ್ಟಿಗೆ ಕಾರಣವೆಂಬ ಚರ್ಚೆ ತಜ್ಞರಲ್ಲಿ ಇನ್ನೂ ಮುಗಿದಿಲ್ಲ. ಆದ್ದರಿಂದ ಕೇಳುವ ಕೆಲಸವೂ ಮುಗಿದಿಲ್ಲ.

ನಾವು ಗಡಿನಾಡಿನ ಕನ್ನಡಿಗರು. 1956ರಿಂದಲೂ ಅನಿಶ್ಚಿತತೆ ನಮಗೆ ಹೊಸದಲ್ಲ. “ಕನ್ನಡದಲ್ಲಿ ಓದಿದರೆ ಮಗುವಿನ ಗತಿಯೇನು?” ಎಂದು ಹೆತ್ತವರು ಇಂದು ಕೇಳುತ್ತಾರೆ. ಅದರ ಹಿಂದಿನ ಕಳವಳವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಆ ಕಳವಳವನ್ನೂ ಒಳ್ಳೆಯ ಪ್ರಶ್ನೆಗಳಾಗಿ ಬಿಡಿಸಿಕೊಳ್ಳಬಹುದು. ಯಾವ ಭಾಷೆಯಲ್ಲಿ ನನ್ನ ಮಗು ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಬಲ್ಲದು? ಯಾವ ತರಗತಿಯಲ್ಲಿ ಅಂಜದೆ ಎದ್ದು ನಿಂತು ಕೇಳಬಲ್ಲದು? ಇಂಗ್ಲಿಷನ್ನೂ ಮಲಯಾಳವನ್ನೂ ಚೆನ್ನಾಗಿ ಕಲಿಸಲು ಶಾಲೆಗೆ ಇನ್ನೇನು ಬೇಕು? ಇವಕ್ಕೆ ಉತ್ತರ ಹುಡುಕಬಹುದು; ಕೊರತೆಯಿದ್ದರೆ ತುಂಬಬಹುದು. ಬರಿಯ ಕಳವಳಕ್ಕೆ ಉತ್ತರವಿಲ್ಲ.

ಆ ಹುಡುಗ ಈಗ ಐವತ್ತು ದಾಟಿರಬೇಕು. ಈ ಸಂಚಿಕೆ ಅವನ ಕೈಸೇರಿದರೆ ಒಂದು ಮಾತು: ಅಪ್ಪಾ, ನೀನು ಕೇಳಿದ್ದು ಸರಿಯಾಗಿತ್ತು. ಅಂದು ತಪ್ಪಿದವನು ನಾನು.

ಇಂದಿನ ಅಧ್ಯಾಪಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ದಿನದ ಕೊನೆಯ ಹತ್ತು ನಿಮಿಷವನ್ನು ಮಕ್ಕಳ ಪ್ರಶ್ನೆಗೆ ಮೀಸಲಿಡಿ. ತಿಳಿಯದಿದ್ದರೆ ತಿಳಿಯದೆನ್ನಿ, ನಾಳೆ ಕೂಡಿ ಹುಡುಕೋಣವೆನ್ನಿ. ನಮ್ಮ ಶಾಲೆಯು ಹೀಗೆ ಕೇಳುವ ಮಕ್ಕಳಿಂದ ತುಂಬಿ ಶತಮಾನೋತ್ಸವವನ್ನು ಕಾಣಲಿ ಎಂದು ಹಾರೈಸುತ್ತೇನೆ.